ಜಾನ್ ಪಾಲ್ ವ್ಯಾನ್: ಆಪ್ ಬಾಕ್ ಕಾಳಗವೂ ಅದರ ಪಾಠವೂ

ಯುದ್ಧರಂಗಕ್ಕೆ ಹೊಸ ಯಂತ್ರವೊಂದು ಬಂದಾಗಲೆಲ್ಲ ಅದನ್ನು ಪಡೆದ ಪಕ್ಷದವರು, ಇನ್ನು ಮುಂದೆ ಜಯವು ತಮಗೆ ಕರತಲಾಮಲಕವೆಂದು ಭಾವಿಸುವುದು ಲೋಕದ ವಾಡಿಕೆಯಾಗಿದೆ. ಯಂತ್ರದ ಶಕ್ತಿಯನ್ನು ಎಣಿಸುವವರು ಬಹುಮಂದಿ. ಅದರ ಅಶಕ್ತಿಯನ್ನು ಎಣಿಸುವವರು ಕೆಲವರೇ. ಎಣಿಸಿ, ಕಂಡದ್ದನ್ನು ಮೇಲಧಿಕಾರಿಗಳ ಮುಂದೆ ನಿರ್ಭಯವಾಗಿ ಹೇಳುವವರಂತೂ ಇನ್ನೂ ವಿರಳ. ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರಿನ ವಿಷಯವಾಗಿ ಹೀಗೆ ಎಣಿಸಿ ಹೇಳಿದವರಲ್ಲಿ ಅಮೆರಿಕದ ಜಾನ್ ಪಾಲ್ ವ್ಯಾನನ ಹೆಸರು ಮೊದಲಿನದು. ಆತನ ಚರಿತ್ರೆಯು ಗುಣದೋಷಗಳೆರಡರಿಂದಲೂ ಕೂಡಿದುದು. ಆದರೂ ಸರ್ಕಾರವನ್ನು ನಡೆಸುವವರೂ, ಸರ್ಕಾರದ ಕೆಲಸದಲ್ಲಿರುವವರೂ ಅದರಿಂದ ತಿಳಿದುಕೊಳ್ಳಬೇಕಾದುದು ಬಹಳವಿರುವುದರಿಂದ ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ವ್ಯಾನನು 1924ನೆಯ ಇಸವಿ ಜುಲೈ 2ರಂದು ವರ್ಜೀನಿಯಾ ಪ್ರಾಂತದ ನಾರ್ಫೋಕ್ ಬಂದರಿನಲ್ಲಿ ಹುಟ್ಟಿದನು. ತಾಯಿತಂದೆಗಳು ವಿವಾಹಿತರಾಗಿರಲಿಲ್ಲ, ಮಲತಂದೆಯ ಹೆಸರೇ ಆತನಿಗೆ ಬಂದಿತು. ಮನೆಯಲ್ಲಿ ಬಡತನವೂ ಅನಾದರವೂ ಸಮಸಮವಾಗಿದ್ದುವು. ಇಂತಹ ಬಾಲ್ಯದಿಂದ ಹೊರಬೀಳಲು ಆತನಿಗೆ ದೊರೆತ ಹೆದ್ದಾರಿಯೆಂದರೆ ಸೈನ್ಯ. 1943ರಲ್ಲಿ ಸೇರಿ, ವಿಮಾನಗಳಿಗೆ ದಾರಿ ತೋರಿಸುವ ವಿದ್ಯೆಯನ್ನು ಕಲಿತು, ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಕಾಲ್ದಳಕ್ಕೆ ಬಂದನು. ಕೊರಿಯಾ ಯುದ್ಧದಲ್ಲಿ ಕೆಲಸ ಮಾಡಿದನು. ಆ ಬಳಿಕ ವಿಶ್ವವಿದ್ಯಾನಿಲಯದ ಪದವಿಗಳನ್ನು ಗಳಿಸಿದನು. ಮೈಕಟ್ಟಿನಲ್ಲಿ ಕುಳ್ಳ, ಆದರೆ ದಣಿವೆಂಬುದನ್ನರಿಯದ ದೇಹ, ಅಂಕಿಸಂಖ್ಯೆಗಳಲ್ಲಿ ಚುರುಕಾದ ಬುದ್ಧಿ, ಅಪಾಯದ ಮುಂದೆ ಹಿಂಜರಿಯದ ಸ್ವಭಾವ. ಹೀಗೆ ಮೇಲೇರುತ್ತಿದ್ದವನು 1962ರ ಮಾರ್ಚಿಯಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿ ದಕ್ಷಿಣ ವಿಯೆಟ್ನಾಮಿಗೆ ಬಂದಿಳಿದನು.

ಆಗ್ಗೆ ಆ ದೇಶದ ಸ್ಥಿತಿಯು ಹೀಗಿದ್ದಿತು. ಸೈಗಾನಿನಲ್ಲಿ ಅಧ್ಯಕ್ಷ ದಿಯೆಮನ ಸರ್ಕಾರ. ಹಳ್ಳಿಗಾಡಿನಲ್ಲಿ ವಿಯೆಟ್ ಕಾಂಗ್ ಎಂದು ಹೆಸರಾದ ಬಂಡಾಯಗಾರರ ಬಲ. ಅಮೆರಿಕವು ಸರ್ಕಾರದ ಪಕ್ಷಕ್ಕೆ ಹಣ, ಆಯುಧ ಮತ್ತು ಸಲಹೆಗಾರರನ್ನು ಕಳುಹಿಸುತ್ತಿದ್ದಿತು. 1961ರ ಡಿಸೆಂಬರಿನಲ್ಲಿ ಒಂದು ಹಡಗು ಸೈಗಾನಿಗೆ ಬಂದು, ಎಚ್-21 ಎಂಬ ಹೆಲಿಕಾಪ್ಟರುಗಳನ್ನು ಇಳಿಸಿದ ದಿನದಿಂದ ಯುದ್ಧದ ಸ್ವರೂಪವೇ ಬೇರೆಯಾಯಿತು. ನಡುವೆ ಬಾಗಿದ ಆಕಾರದಿಂದ ಇದಕ್ಕೆ ಹಾರುವ ಬಾಳೆಹಣ್ಣು ಎಂಬ ಅಡ್ಡಹೆಸರಿದ್ದಿತು. ಫ್ರೆಂಚರು ಆಲ್ಜೀರಿಯಾದ ಬಂಡಾಯವನ್ನಡಗಿಸಲು ಇದೇ ಯಂತ್ರವನ್ನು ಇದಕ್ಕೆ ಮೊದಲೇ ಉಪಯೋಗಿಸಿದ್ದರು.

ಮೆಕಾಂಗ್ ನದಿಯ ಮುಖಜ ಭೂಮಿಯು ಕಾಲುವೆಗಳಿಂದಲೂ ಭತ್ತದ ಗದ್ದೆಗಳಿಂದಲೂ ಸೀಳಿಹೋದ ಪ್ರದೇಶ. ಅಲ್ಲಿ ಕಾಲ್ದಳವು ಒಂದು ಹರದಾರಿ ನಡೆಯಬೇಕಾದರೆ ಅರ್ಧದಿನ ಬೇಕು. ಅಷ್ಟರಲ್ಲಿ ಬಂಡಾಯಗಾರನು ದೋಣಿಯೇರಿ ಮಾಯವಾಗಿರುವನು. ಹೆಲಿಕಾಪ್ಟರಾದರೋ ಹತ್ತು ನಿಮಿಷದಲ್ಲಿ ಒಂದು ಕಂಪೆನಿಯಷ್ಟು ಸಿಪಾಯಿಗಳನ್ನು ಆತನ ಬೆನ್ನ ಹಿಂದೆಯೇ ಇಳಿಸಬಲ್ಲುದು. ಮೊದಮೊದಲು ಇದರ ಪರಿಣಾಮವು ಭಯಂಕರವಾಗಿದ್ದಿತು. ಮರಗಳ ಮೇಲೆ ಗರ್ಜಿಸುತ್ತ ಬಂದ ಯಂತ್ರವನ್ನು ಕಂಡು ಗೆರಿಲ್ಲಾಗಳು ದಿಕ್ಕೆಟ್ಟು ಬಯಲಿಗೆ ಓಡಿದರು. ಓಡಿದವರು ಗುಂಡಿಗೆ ಬಲಿಯಾದರು. ವ್ಯಾನನು ಮೀ ತೋ ಪಟ್ಟಣದಲ್ಲಿ ಸೈನ್ಯದ 7ನೆಯ ಡಿವಿಷನ್ನಿಗೆ ಮುಖ್ಯ ಸಲಹೆಗಾರನಾಗಿ, ಈ ಹೊಸ ಕ್ರಮವನ್ನು ಅತ್ಯುತ್ಸಾಹದಿಂದ ಬೆಳೆಸಿದನು.

ಆದರೆ ಯಂತ್ರದ ಭಯವು ಬಹುಕಾಲ ನಿಲ್ಲತಕ್ಕದ್ದಲ್ಲ. ವಿಯೆಟ್ ಕಾಂಗಿನ ನಾಯಕರು ಹೆಲಿಕಾಪ್ಟರನ್ನು ಭೂತವೆಂದು ಬಗೆಯದೆ ಯಂತ್ರವೆಂದೇ ಬಗೆದು ಪರೀಕ್ಷಿಸಿದರು. ಪರೀಕ್ಷಿಸಲಾಗಿ ಅದರ ದೌರ್ಬಲ್ಯಗಳು ಒಂದೊಂದಾಗಿ ಹೊರಬಿದ್ದುವು. ಅದರ ಹೊರಮೈ ತೆಳುವಾದ ತಗಡು. ಸಾಮಾನ್ಯ ಬಂದೂಕಿನ ಗುಂಡೂ ಅದನ್ನು ತೂರಿ ಹೋಗುವುದು. ಅದರ ಸದ್ದು ಮುಂದಾಗಿಯೇ ಕೇಳಿಬಂದು ಎಚ್ಚರಿಕೆ ಕೊಡುವುದು. ನೆಲಕ್ಕಿಳಿಯುವಾಗ ಅದರ ವೇಗವು ಕುಗ್ಗಿ ಶೂನ್ಯಕ್ಕೆ ಬರುವುದು. ಸಿಪಾಯಿಗಳು ಇಳಿಯುವವರೆಗೆ ಅದು ಹಕ್ಕಿಯಲ್ಲ, ಗದ್ದೆಯಲ್ಲಿ ನಿಂತ ಗಾಡಿ. ಇಳಿಯತಕ್ಕ ಬಯಲುಗಳಾದರೂ ಊರಿನ ಸುತ್ತ ಎಷ್ಟಿದ್ದಾವು? ಅವನ್ನು ಮೊದಲೇ ಊಹಿಸಿ, ಮರಗಳ ಸಾಲಿನಲ್ಲಿ ಬಂದೂಕುಗಳನ್ನಿಟ್ಟು ಕಾಯಬಹುದು. ಹಾರುವ ಗುರಿಯನ್ನು ಹೊಡೆಯಬೇಕಾದರೆ ಅದಿರುವ ಸ್ಥಳಕ್ಕಲ್ಲ, ಅದು ಬರಲಿರುವ ಸ್ಥಳಕ್ಕೆ ಗುಂಡು ಹಾರಿಸಬೇಕು. ಇದನ್ನು ಕಲಿಸುವುದಕ್ಕಾಗಿ ರಟ್ಟಿನ ಹೆಲಿಕಾಪ್ಟರುಗಳನ್ನು ಮಾಡಿ, ಗಳಗಳ ನಡುವೆ ಹರಿದಾಡಿಸಿ, ರೈತಯುವಕರಿಗೆ ಗುರಿಯ ಅಭ್ಯಾಸ ಮಾಡಿಸಿದರು. ಓಡಿದವನು ಸಾಯುವನು, ಗುಣಿಯಲ್ಲಿ ನಿಂತು ಒಟ್ಟಿಗೆ ಹೊಡೆದವನು ಬದುಕುವನು ಎಂಬ ತತ್ತ್ವವನ್ನು ಅವರ ಮನಸ್ಸಿನಲ್ಲಿ ನೆಲೆಗೊಳಿಸಿದರು.

ಇತ್ತ ಸರ್ಕಾರದ ಪಕ್ಷದಲ್ಲಿ ನಡೆದುದು ಇದಕ್ಕೆ ವಿಪರೀತವಾದುದು. 1962ರ ಅಕ್ಟೋಬರಿನಲ್ಲಿ ರೇಂಜರ್ ತುಕಡಿಯೊಂದು ಗೆರಿಲ್ಲಾಗಳ ಕೈಗೆ ಸಿಕ್ಕಿ ತೀವ್ರ ನಷ್ಟವನ್ನನುಭವಿಸಿತು. ಅಧ್ಯಕ್ಷ ದಿಯೆಮನು ಡಿವಿಷನ್ನಿನ ಅಧಿಪತಿಯಾದ ಹುಯಿನ್ ವಾನ್ ಕಾವನನ್ನು ಕರೆಸಿ, ಸಾವುನೋವು ಹೆಚ್ಚಾದರೆ ಬಡ್ತಿಗೆ ಕುಂದು ಬರುವುದೆಂದು ಎಚ್ಚರಿಸಿದನು. ಸೈನ್ಯವು ನಷ್ಟವಾದರೆ ತನ್ನ ಗಾದಿಯನ್ನು ಕಾಯುವವರಾರೆಂಬುದೇ ದಿಯೆಮನ ಚಿಂತೆ. ಅಲ್ಲಿಂದ ಮುಂದೆ ಕಾವನು ಶತ್ರುವಿಲ್ಲದ ಕಡೆಗೆ ಸೈನ್ಯವನ್ನು ನಡೆಸುವುದರಲ್ಲಿ ನಿಪುಣನಾದನು. ಕಾರ್ಯಾಚರಣೆಗಳ ವರದಿ ಬೆಳೆಯಿತು; ಕಾದಾಟ ಮಾತ್ರ ನಿಂತಿತು. ಡಿಸೆಂಬರಿನಲ್ಲಿ ಕಾವನಿಗೆ ಜನರಲ್ ಪದವಿಯೂ ದೊರೆಯಿತು! ವ್ಯಾನನು ಎಷ್ಟು ವಾದಿಸಿದರೂ ಸಲಹೆ ಕೊಡುವುದಲ್ಲದೆ ಆಜ್ಞೆ ಮಾಡುವ ಅಧಿಕಾರವು ಆತನಿಗಿರಲಿಲ್ಲ.

ಎರಡೂ ಕಡೆಯ ಈ ಸಿದ್ಧತೆಗಳು ಮುಖಾಮುಖಿಯಾದುದು 1963ರ ಜನವರಿ 2ರಂದು. ಸೈಗಾನಿನ ನೈರುತ್ಯಕ್ಕೆ ಸುಮಾರು 65 ಕಿಲೋಮೀಟರು ದೂರದಲ್ಲಿರುವ ಆಪ್ ಬಾಕ್ ಎಂಬ ಕುಗ್ರಾಮದ ಬಳಿ ಗೆರಿಲ್ಲಾಗಳ ರೇಡಿಯೋ ಯಂತ್ರವಿದೆಯೆಂದು ಸುಳಿವು ಸಿಕ್ಕಿತು. ಉತ್ತರದಿಂದ ಹೆಲಿಕಾಪ್ಟರುಗಳಲ್ಲಿ ಕಾಲ್ದಳ, ದಕ್ಷಿಣದಿಂದ ಪ್ರಾಂತದ ರಕ್ಷಕಪಡೆ, ಪಶ್ಚಿಮದಿಂದ ಎಂ-113 ಎಂಬ 13 ಕವಚವಾಹನಗಳು. ಪೂರ್ವದಲ್ಲಿ ತೆರೆದ ಗದ್ದೆ, ಅಲ್ಲಿಗೆ ಓಡಿದವರನ್ನು ವಿಮಾನ ಮತ್ತು ಫಿರಂಗಿಗಳಿಂದ ಕೊಲ್ಲುವುದು. ಕಾಗದದ ಮೇಲೆ ನಿರ್ದೋಷವಾದ ಯೋಜನೆ. ಒಳಗಿದ್ದ ಗೆರಿಲ್ಲಾಗಳು ಸುಮಾರು 350 ಮಂದಿ; ಸುತ್ತುವರಿಯಹೊರಟವರು ಅದರ ನಾಲ್ಕರಷ್ಟು.

ಮೊದಲ ವಿಘ್ನವು ಮಂಜಿನಿಂದ ಬಂದಿತು. ಸಿಪಾಯಿಗಳನ್ನು ಸಾಗಿಸಲು ಹತ್ತು ಹೆಲಿಕಾಪ್ಟರುಗಳು ಮಾತ್ರವಿದ್ದುದರಿಂದ ಒಂದು ಸಲಕ್ಕೆ ಒಂದು ಕಂಪೆನಿಯನ್ನಷ್ಟೇ ಒಯ್ಯಬಹುದಾಗಿತ್ತು. ಮೊದಲನೆಯದು ಇಳಿದ ಮೇಲೆ ಮಂಜು ಕವಿದು, ಮಿಕ್ಕವು ಎರಡು ಗಂಟೆಗೂ ಹೆಚ್ಚು ಕಾಲ ತಡವಾದುವು. ಅಷ್ಟರಲ್ಲಿ ದಕ್ಷಿಣದ ರಕ್ಷಕಪಡೆಯು ಏಕಾಂಗಿಯಾಗಿ ಮುಂದುವರಿದು ಗುಂಡಿನ ಮಳೆಗೆ ಸಿಕ್ಕಿ ಮುರಿಯಿತು. ಮೇಲೆ ಪುಟ್ಟ ವಿಮಾನವೊಂದರಲ್ಲಿ ಸುತ್ತುತ್ತಿದ್ದ ವ್ಯಾನನು, ಮೀಸಲಿದ್ದ ಕಂಪೆನಿಯನ್ನು ಮರಗಳ ಸಾಲಿನಿಂದ ದೂರದಲ್ಲಿ ಇಳಿಸಬೇಕೆಂದು ಸೂಚಿಸಿದನು. ಆದರೆ ಹೆಲಿಕಾಪ್ಟರುಗಳ ಮುಖ್ಯ ಚಾಲಕನು ಬೇರೆ ದಾರಿ ಹಿಡಿದು, ಬಾಕ್ ಗ್ರಾಮದ ಪಶ್ಚಿಮದ ಮರಸಾಲಿನಿಂದ ಸುಮಾರು 200 ಗಜದೊಳಗೆ ಇಳಿದನು.

ಆ ಮರಗಳ ಕೆಳಗೆ, ಕಾಲುವೆಯ ಏರಿಯಲ್ಲಿ ತೋಡಿದ ಗುಣಿಗಳೊಳಗೆ, ಮೇಲಿನಿಂದ ಎಷ್ಟು ನೋಡಿದರೂ ಕಾಣದಂತೆ ಗೆರಿಲ್ಲಾಗಳು ಕುಳಿತಿದ್ದರು. ಹೆಲಿಕಾಪ್ಟರುಗಳು ಇಳಿಯುತ್ತಲೇ ಗುಂಡುಗಳು ಸುರಿದುವು. ಒಂದು ಎಚ್-21 ಮೇಲೇಳಲಾರದೆ ನಿಂತಿತು. ಅದರ ಚಾಲಕರನ್ನು ಉಳಿಸಲು ಇನ್ನೊಂದು ಮರಳಿ ಇಳಿಯಿತು. ಅದೂ ಅಲ್ಲಿಯೇ ಉಳಿಯಿತು. ಇವೆರಡರವರನ್ನೂ ಎತ್ತಿಕೊಳ್ಳಲು ಬೆಂಗಾವಲಿನ ಹ್ಯೂಯಿ ಹೆಲಿಕಾಪ್ಟರುಗಳಲ್ಲೊಂದು ಬಂದಿತು. ಗುಂಡು ತಗಲಿ ಅದು ಮಗುಚಿಬಿದ್ದಿತು. ಹೆಲಿಕಾಪ್ಟರ್ ಯುದ್ಧದ ಅತಿದೊಡ್ಡ ಅಪಾಯವು ಇಲ್ಲಿ ಸ್ಪಷ್ಟವಾಯಿತು. ಬಿದ್ದ ಒಂದು ಯಂತ್ರವು ಬಿದ್ದಷ್ಟಕ್ಕೆ ಮುಗಿಯುವುದಿಲ್ಲ; ಅದು ತನ್ನನ್ನು ಉಳಿಸಬಂದವರನ್ನೂ ಬಲೆಗೆ ಎಳೆಯುವುದು. ಆಮೇಲೆ ಶತ್ರುವನ್ನು ಹಿಡಿಯಬಂದ ಸೈನ್ಯಕ್ಕೆ ತನ್ನವರನ್ನು ಬಿಡಿಸಿಕೊಳ್ಳುವುದೇ ಉದ್ದೇಶವಾಗಿ ಪರಿಣಮಿಸುವುದು. ಹದಿನೈದು ಹೆಲಿಕಾಪ್ಟರುಗಳಲ್ಲಿ ಹದಿನಾಲ್ಕಕ್ಕೆ ಗುಂಡು ತಗಲಿದುವು. ದಿನದ ಕೊನೆಗೆ ಐದು ನೆಲಕ್ಕುರುಳಿದ್ದುವು.

ಇಳಿದ ಸಿಪಾಯಿಗಳು ಗದ್ದೆಯ ಬದುಗಳ ಮರೆಯಲ್ಲಿ ಮಲಗಿ ತಲೆಯೆತ್ತದಾದರು. ವ್ಯಾನನು ಆಕಾಶದಿಂದ ಕವಚವಾಹನಗಳ ನಾಯಕ ಕ್ಯಾಪ್ಟನ್ ಲೀ ತೋಂಗ್ ಬಾನನ್ನು ಬೇಗ ಬಂದು ಹೊಡೆಯುವಂತೆ ರೇಡಿಯೋವಿನಲ್ಲಿ ಬೇಡಿದನು, ಬೆದರಿಸಿದನು, ಬೈದನು. ಬಾ ತನ್ನ ಮೇಲಿನವರ ಅಪ್ಪಣೆಗಾಗಿ ಕಾದನು. ಕಾಲುವೆಗಳನ್ನು ದಾಟಲು ಹೊತ್ತು ಕಳೆಯಿತು. ಮಧ್ಯಾಹ್ನದ ಮೇಲೆ ವಾಹನಗಳು ಎರಡು ಮೂರಾಗಿ ಬಂದುವೇ ಹೊರತು ಒಟ್ಟಾಗಿ ಬರಲಿಲ್ಲ. ಅವುಗಳ ಮೇಲೆ ಎದೆಯವರೆಗೆ ಹೊರಗೆ ನಿಂತು ಮಷೀನ್ ಗನ್ ಹಿಡಿದಿದ್ದವರು ಒಬ್ಬರ ಹಿಂದೊಬ್ಬರು ಮಡಿದರು. ಬಾಂಬುವಿಮಾನಗಳು ಊರಿನ ಗುಡಿಸಲುಗಳನ್ನು ಸುಟ್ಟುವು; ಏರಿಯ ಗುಣಿಗಳಿಗೆ ಅವುಗಳಿಂದ ಹೆಚ್ಚಿನ ಬಾಧೆಯಾಗಲಿಲ್ಲ.

ಕಡೆಗೆ ಉಳಿದುದು ಪ್ಯಾರಾಶೂಟ್ ದಳ. ಅದನ್ನು ಪೂರ್ವದ ಬಯಲಿನಲ್ಲಿ ಇಳಿಸಿ, ಶತ್ರುವಿನ ಹಿಂದೆಗೆಯುವ ದಾರಿಯನ್ನು ಮುಚ್ಚಬೇಕೆಂದು ವ್ಯಾನನು ಹಟಹಿಡಿದನು. ಕಾವನು ಅದನ್ನು ಪಶ್ಚಿಮದಲ್ಲಿ ಇಳಿಸತಕ್ಕದ್ದೆಂದು ತೀರ್ಮಾನಿಸಿದನು. ಗೆರಿಲ್ಲಾಗಳು ಹೋಗುವುದಾದರೆ ಹೋಗಲಿ, ಮತ್ತೆ ಕಾದುವುದು ಬೇಡವೆಂಬುದೇ ಅದರ ತಾತ್ಪರ್ಯವೆಂದು ವ್ಯಾನನು ತಿಳಿದನು. ಸಾಯಂಕಾಲದಲ್ಲಿ ಧುಮುಕಿದ ಆ ದಳವು ನೇರವಾಗಿ ಗೆರಿಲ್ಲಾಗಳ ಬಂದೂಕುಗಳ ಮುಂದೆಯೇ ಇಳಿದು ನಷ್ಟಪಟ್ಟಿತು. ರಾತ್ರಿಯಾಯಿತು. ಗೆರಿಲ್ಲಾಗಳು ಗಾಯಗೊಂಡವರನ್ನು ಹೊತ್ತುಕೊಂಡು ತೆರೆದಿದ್ದ ಪೂರ್ವದ ದಾರಿಯಲ್ಲಿ ಹೊರಟುಹೋದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯುಂಟಷ್ಟೆ. ಇಲ್ಲಿ ಹಾಕಲೇಬೇಕಾಗಿದ್ದ ಬಾಗಿಲನ್ನು ಬುದ್ಧಿಪೂರ್ವಕವಾಗಿಯೇ ತೆರೆದಿಟ್ಟಂತಾಯಿತು. ಸರ್ಕಾರದ ಪಕ್ಷದಲ್ಲಿ ಸುಮಾರು 80 ಮಂದಿ ಸತ್ತರು, ನೂರಕ್ಕೂ ಮಿಕ್ಕು ಜನ ಗಾಯಗೊಂಡರು. ಅಮೆರಿಕನರು 3 ಮಂದಿ ಸತ್ತರು. ಬಂಡಾಯಗಾರರಲ್ಲಿ ಸತ್ತವರು 18 ಮಂದಿಯೆಂದು ಆಮೇಲೆ ಅವರ ದಾಖಲೆಗಳಿಂದ ತಿಳಿದುಬಂದಿತು.

ಮರುದಿನ ಖಾಲಿ ಊರನ್ನು ಹಿಡಿದ ಮೇಲೆ, ಸೈಗಾನಿನಲ್ಲಿದ್ದ ಅಮೆರಿಕದ ಮಹಾಸೇನಾನಿ ಹಾರ್ಕಿನ್ಸನು ಇದನ್ನು ಜಯವೆಂದು ಸಾರಿದನು. ವ್ಯಾನನು ಇದನ್ನು ಸಹಿಸಲಾರದೆ, ಪತ್ರಿಕಾ ಬಾತ್ಮೀದಾರರಿಗೆ ನಿಜಸ್ಥಿತಿಯನ್ನು ತಿಳಿಸಿದನು; ಸಲಹೆಗಾರರೆಲ್ಲರ ಹೇಳಿಕೆಗಳನ್ನು ಸೇರಿಸಿ ವಿಸ್ತಾರವಾದ ವರದಿಯನ್ನು ಬರೆದು ಮೇಲಕ್ಕೆ ಕಳುಹಿಸಿದನು. ಹಾರ್ಕಿನ್ಸನು ಆತನನ್ನು ಆ ಹುದ್ದೆಯಿಂದ ತೆಗೆದುಹಾಕಲು ಹವಣಿಸಿ, ಇತರರು ತಡೆದುದರಿಂದ ಸುಮ್ಮನಾದನು. ಅವಧಿ ಮುಗಿದು ವಾಷಿಂಗ್ಟನ್ನಿಗೆ ಹಿಂದಿರುಗಿದ ಮೇಲೆ, 1963ರ ಜುಲೈ 8ರಂದು ದೇಶದ ಸರ್ವಸೇನಾಧಿಪತಿಗಳ ಮಂಡಲಿಯ ಮುಂದೆ ತನ್ನ ಅಭಿಪ್ರಾಯವನ್ನು ಮಂಡಿಸುವ ಅವಕಾಶವು ಆತನಿಗೆ ದೊರೆಯಿತು. ಆದರೆ ಕಡೆಯ ಗಳಿಗೆಯಲ್ಲಿ ಅದು ರದ್ದಾಯಿತು. ಅದೇ ತಿಂಗಳ ಕೊನೆಯಲ್ಲಿ ಆತನು ಸೈನ್ಯವನ್ನು ಬಿಟ್ಟನು.

ಸತ್ಯಕ್ಕಾಗಿ ಉದ್ಯೋಗವನ್ನೇ ತ್ಯಜಿಸಿದ ವೀರನೆಂದು ಅನೇಕರು ಆತನನ್ನು ಕೊಂಡಾಡಿದರು. ಚರಿತ್ರೆಯನ್ನು ಬರೆಯುವವರು ಇಲ್ಲಿ ಮುಚ್ಚುಮರೆ ಮಾಡಬಾರದು. ಇದಕ್ಕೆ ಕೆಲವು ವರ್ಷಗಳ ಹಿಂದೆ, ಅಪ್ರಾಪ್ತವಯಸ್ಕಳಾದ ಬಾಲಿಕೆಯೊಬ್ಬಳ ವಿಷಯದಲ್ಲಿ ಆತನ ಮೇಲೆ ಸೈನ್ಯದ ವಿಚಾರಣೆ ನಡೆದಿದ್ದಿತು. ಸುಳ್ಳನ್ನು ಕಂಡುಹಿಡಿಯುವ ಯಂತ್ರವನ್ನೂ ವಂಚಿಸುವುದನ್ನು ಅಭ್ಯಾಸ ಮಾಡಿ ಆತನು ಪಾರಾಗಿದ್ದನು. ಆ ಕಳಂಕದಿಂದ ಜನರಲ್ ಪದವಿಯು ತನಗೆ ದೊರೆಯಲಾರದೆಂಬುದು ಆತನಿಗೆ ತಿಳಿದಿದ್ದಿತು. ಯುದ್ಧದ ವಿಷಯದಲ್ಲಿ ಸತ್ಯವನ್ನು ನುಡಿದವನೇ ಸ್ವಂತ ಜೀವನದಲ್ಲಿ ಅಸತ್ಯವನ್ನು ನಡೆಸಿದನು. ಆತನ ಚರಿತ್ರೆಯನ್ನು ಬರೆದು 1988ರಲ್ಲಿ ಪ್ರಕಟಿಸಿದ ನೀಲ್ ಶೀಹಾನನು ಇದನ್ನು ಬೆಳಕಿಗೆ ತಂದನು. ಆದರೆ ಆಪ್ ಬಾಕ್ ವಿಷಯದಲ್ಲಿ ಆತನು ಬರೆದ ಮಾತುಗಳ ಬೆಲೆಯು ಇದರಿಂದ ಕಡಮೆಯಾಗುವುದಿಲ್ಲ. ವರದಿಯನ್ನು ತೂಗಬೇಕಾದುದು ನಡೆದ ಸಂಗತಿಗಳಿಂದ, ಬರೆದವನ ಶೀಲದಿಂದಲ್ಲ.

ಎರಡು ವರ್ಷಗಳೊಳಗೆ ವಿಯೆಟ್ನಾಂ ಆತನನ್ನು ಮತ್ತೆ ಎಳೆಯಿತು. 1965ರ ಮಾರ್ಚಿಯಲ್ಲಿ ನಾಗರಿಕ ಅಧಿಕಾರಿಯಾಗಿ ಬಂದು, ಸೈಗಾನಿನ ಪಶ್ಚಿಮದ ಹೌ ನ್ಯೀಯಾ ಪ್ರಾಂತದಲ್ಲಿ ನಿಂತನು. ಇತರ ಅಧಿಕಾರಿಗಳು ಆಕಾಶಮಾರ್ಗವನ್ನು ಹಿಡಿದ ಕಾಲದಲ್ಲಿ ಆತನು ಜೀಪಿನಲ್ಲಿ ಕುಳಿತು, ಸಿಡಿಮದ್ದು ಹೂಳಿದ ರಸ್ತೆಗಳಲ್ಲಿ ಓಡಾಡಿದನು. ಹಳ್ಳಿಯವರ ಮೇಲೆ ಬಾಂಬು ಸುರಿದು ಹಳ್ಳಿಯವರ ವಿಶ್ವಾಸವನ್ನು ಗಳಿಸಲಾಗದು, ರೈತನಿಗೆ ನ್ಯಾಯ ದೊರೆಯದೆ ಬಂಡಾಯವು ಅಡಗದು ಎಂಬುದು ಆತನ ಅಂದಿನ ಮತ. ಅದೇ ವರ್ಷ ಅಮೆರಿಕವು ಹೆಲಿಕಾಪ್ಟರುಗಳನ್ನೇ ವಾಹನವಾಗುಳ್ಳ ಸಂಪೂರ್ಣ ಡಿವಿಷನ್ನನ್ನೇ ಯುದ್ಧಕ್ಕೆ ತಂದಿತು. ಆಪ್ ಬಾಕಿನ ಅನುಭವವು ಯಂತ್ರಜ್ಞರಿಗೆ ವ್ಯರ್ಥವಾಗಲಿಲ್ಲ. ಇಳಿಯುವ ಮುನ್ನ ಫಿರಂಗಿಯಿಂದ ಬಯಲನ್ನು ಶೋಧಿಸುವುದು, ಆಯುಧ ಹೊತ್ತ ಹೆಲಿಕಾಪ್ಟರುಗಳು ಬದಿಗಳಲ್ಲಿ ಕಾಯುವುದು ಮುಂತಾದ ಕ್ರಮಗಳು ಬಳಕೆಗೆ ಬಂದುವು. ಆದರೂ ದೌರ್ಬಲ್ಯವು ನೀಗಲಿಲ್ಲ. 1971ರಲ್ಲಿ ಲಾವೋಸಿನೊಳಕ್ಕೆ ನಡೆದ ದಂಡಯಾತ್ರೆಯೊಂದರಲ್ಲಿಯೇ 100ಕ್ಕೂ ಹೆಚ್ಚು ಹೆಲಿಕಾಪ್ಟರುಗಳು ನಾಶವಾಗಿ, 600ಕ್ಕೂ ಹೆಚ್ಚು ಹಾನಿಗೊಂಡುವು. ಇಡೀ ಯುದ್ಧದಲ್ಲಿ ಬಳಸಿದ ಸುಮಾರು 12,000ದಲ್ಲಿ 5,000ಕ್ಕೂ ಮಿಕ್ಕು ನಷ್ಟವಾದುವು.

ವ್ಯಾನನ ಪದವಿಯು ಏರುತ್ತ ಹೋದಂತೆ ಆತನ ಮತವೂ ಬದಲಾಯಿತು. 1971ರ ಮೇ ತಿಂಗಳಲ್ಲಿ ಮಧ್ಯದ ಮಲೆನಾಡು ಪ್ರದೇಶಕ್ಕೆ ಮುಖ್ಯ ಸಲಹೆಗಾರನಾಗಿ, ನಾಗರಿಕನಾಗಿದ್ದುಕೊಂಡೇ ಮೇಜರ್ ಜನರಲನ ಅಧಿಕಾರವನ್ನು ಪಡೆದನು. ಸೈನ್ಯದಲ್ಲಿದ್ದು ದೊರೆಯಲಾರದ ಪದವಿಯು ಸೈನ್ಯದ ಹೊರಗಿನಿಂದ ದೊರೆಯಿತು. 1972ರ ವಸಂತದಲ್ಲಿ ಉತ್ತರ ವಿಯೆಟ್ನಾಂ ಟ್ಯಾಂಕುಗಳೊಡನೆ ದಂಡೆತ್ತಿ ಬಂದಿತು. ಏಪ್ರಿಲ್ 24ರಂದು ತಾನ್ ಕಾನ್ ಠಾಣ್ಯವು ಬಿದ್ದಿತು. ಅಲ್ಲಿ ಸಿಕ್ಕಿಬಿದ್ದ ಸಲಹೆಗಾರರನ್ನು ಬಿಡಿಸಲು ಆತನೇ ಚಿಕ್ಕ ಹೆಲಿಕಾಪ್ಟರಿನಲ್ಲಿ ಹೋಗಿ ಇಳಿದನು. ಕೊಂತುಮ್ ಪಟ್ಟಣವನ್ನು ಶತ್ರುಗಳು ಮುತ್ತಿದಾಗ, ಆತನು ಹಗಲಿರುಳೆನ್ನದೆ ಬಿ-52 ವಿಮಾನಗಳ ಬಾಂಬುಗಳನ್ನು ಸುರಿಸಿದನು. ಬಾಂಬಿನ ಯುದ್ಧವನ್ನು ಖಂಡಿಸಿದವನೇ ಬಾಂಬಿನ ಯುದ್ಧದ ಸೂತ್ರಧಾರನಾದನು. ಟ್ಯಾಂಕುಗಳನ್ನು ದೂರದಿಂದಲೇ ಒಡೆಯುವ ಕ್ಷಿಪಣಿಗಳನ್ನು ಹೊತ್ತ ಹೆಲಿಕಾಪ್ಟರುಗಳು ಅಲ್ಲಿ ಉಪಯೋಗಕ್ಕೆ ಬಂದುವು. ಪಟ್ಟಣದೊಳಗಿದ್ದ ಸೈನ್ಯದ ಅಧಿಪತಿಯು ಯಾರು? ಆಪ್ ಬಾಕಿನಲ್ಲಿ ಹೊತ್ತು ಕಳೆದನೆಂದು ವ್ಯಾನನಿಂದ ಬೈಸಿಕೊಂಡಿದ್ದ ಅದೇ ಲೀ ತೋಂಗ್ ಬಾ. ಆತನು ಈ ಸಾರಿ ಅಲುಗದೆ ನಿಂತನು, ಕೊಂತುಮ್ ಉಳಿಯಿತು.

ಆ ವಿಜಯವಾದ ಕೆಲವೇ ದಿನಗಳ ಮೇಲೆ, 1972ರ ಜೂನ್ 9ರ ರಾತ್ರಿ, ವ್ಯಾನನು ಪ್ಲೇಕುವಿನಿಂದ ಕೊಂತುಮಿಗೆ ಹೆಲಿಕಾಪ್ಟರಿನಲ್ಲಿ ಹೊರಟನು. ಮಳೆ, ಕತ್ತಲೆ. ದಾರಿಯಲ್ಲಿ ಗುಡ್ಡಗಾಡಿನ ಜನರ ಸ್ಮಶಾನವೊಂದರ ಎತ್ತರದ ಮರಗಳಿಗೆ ಯಂತ್ರವು ಬಡಿದು ಉರುಳಿತು. ಒಳಗಿದ್ದವರು ಮೂವರೂ ಸತ್ತರು. ಶತ್ರುವಿನ ಗುಂಡುಗಳು ನೂರು ಸಾರಿ ತಪ್ಪಿದವನನ್ನು ಕತ್ತಲೆಯೂ ಮಳೆಯೂ ತೆಗೆದುಕೊಂಡುವು. ಜೂನ್ 16ರಂದು ಆರ್ಲಿಂಗ್ಟನ್ ರುದ್ರಭೂಮಿಯಲ್ಲಿ ರಾಜಮರ್ಯಾದೆಯಿಂದ ಸಮಾಧಿಯಾಯಿತು. ಆಗ ಆತನಿಗೆ ನಲವತ್ತೆಂಟು ತುಂಬಿರಲಿಲ್ಲ. ಮೂರು ವರ್ಷಗಳೊಳಗೆ, 1975ರ ಏಪ್ರಿಲ್ 30ರಂದು, ಸೈಗಾನ್ ಬಿದ್ದಿತು.

ಈ ಚರಿತ್ರೆಯಿಂದ ನಮ್ಮವರು ಗ್ರಹಿಸತಕ್ಕುದೇನು? ಚಕ್ರವ್ಯೂಹವನ್ನು ಹೊಗುವ ವಿದ್ಯೆ ಅಭಿಮನ್ಯುವಿಗೆ ತಿಳಿದಿದ್ದಿತು; ಹೊರಬರುವ ವಿದ್ಯೆ ತಿಳಿದಿರಲಿಲ್ಲ; ಹಿಂದಿನವರು ಬಂದು ಸೇರಲಾರದೆ ಹೋದರು. ಹೆಲಿಕಾಪ್ಟರಿನಿಂದ ಇಳಿಯುವ ಸೈನಿಕನ ಸ್ಥಿತಿಯೂ ಅದೇ. 1987ರ ಅಕ್ಟೋಬರಿನಲ್ಲಿ ನಮ್ಮ ಶಾಂತಿಪಾಲನಾ ಸೈನ್ಯವು ಜಾಫ್ನಾ ವಿಶ್ವವಿದ್ಯಾನಿಲಯದ ಬಯಲಿನಲ್ಲಿ ರಾತ್ರಿಯಲ್ಲಿ ಹೆಲಿಕಾಪ್ಟರುಗಳಿಂದ ಸೈನಿಕರನ್ನು ಇಳಿಸಿದಾಗ ಎದುರಾಳಿಗಳು ಕಾದು ಕುಳಿತಿದ್ದರು. ಗುಂಡಿನ ಹೊಡೆತದಿಂದ ಮುಂದಿನ ಹಾರಾಟಗಳು ನಿಂತುವು. ಇಳಿದಿದ್ದ ಸಿಖ್ ಲಘು ಪದಾತಿ ದಳದ ಸುಮಾರು ಮೂವತ್ತು ಮಂದಿ ಏಕಾಂಗಿಗಳಾಗಿ ಹೋರಾಡಿ, ಒಬ್ಬನ ಹೊರತು ಎಲ್ಲರೂ ಮಡಿದರು. ಆಪ್ ಬಾಕಿನ ಪಾಠವು ಇಪ್ಪತ್ತನಾಲ್ಕು ವರ್ಷಗಳಷ್ಟು ಹಳೆಯದಾಗಿದ್ದಿತು. ಅದಕ್ಕೆ ತೆರಬೇಕಾದ ಬೆಲೆ ಮಾತ್ರ ಹೊಸದಾಗಿಯೇ ತೆರಲ್ಪಟ್ಟಿತು.

ಯಂತ್ರವು ಸೈನಿಕನನ್ನು ರಣಕ್ಕೆ ಒಯ್ಯಬಲ್ಲುದು. ಆ ನೆಲದ ಜನರ ಮನಸ್ಸನ್ನು ಆತನಿಗೆ ತಿಳಿಸಲಾರದು. ಆ ತಿಳಿವು ಕೆಳಗಿನಿಂದ ಬರುವ ನಿಜವಾದ ವರದಿಯಿಂದ ಮಾತ್ರ ದೊರೆಯತಕ್ಕುದು. ಸೋಲನ್ನು ಸೋಲೆಂದು ಬರೆದ ಅಧಿಕಾರಿಗೆ ಶಿಕ್ಷೆಯೂ, ಜಯವೆಂದು ಬರೆದವನಿಗೆ ಬಡ್ತಿಯೂ ದೊರೆಯುವ ಕಚೇರಿಯಲ್ಲಿ ಅಂತಹ ವರದಿಗಳು ಕ್ರಮೇಣ ನಿಂತುಹೋಗುತ್ತವೆ. 1963ರ ಜುಲೈ 8ರಂದು ಕೇಳಲೊಲ್ಲದೆ ಬಿಟ್ಟ ಮಾತನ್ನು ಅಮೆರಿಕವು ಹನ್ನೆರಡು ವರ್ಷಗಳ ಕಾಲ, ಐವತ್ತೆಂಟು ಸಾವಿರ ತನ್ನ ಯುವಕರ ಮತ್ತು ಲಕ್ಷಾಂತರ ವಿಯೆಟ್ನಾಮಿಗಳ ಪ್ರಾಣವನ್ನು ತೆತ್ತು ಕೇಳಬೇಕಾಯಿತು. ಅಪ್ರಿಯವಾದ ಸತ್ಯವನ್ನು ಹೇಳುವವನಿಗೆ ಸರ್ಕಾರಗಳು ಕಿವಿಗೊಡುವುದು ಔದಾರ್ಯವಲ್ಲ. ಅದು ಪ್ರಜೆಗಳ ಮಕ್ಕಳನ್ನು ರಣಕ್ಕೆ ಕಳುಹಿಸುವವರ ಮೊದಲನೆಯ ಕರ್ತವ್ಯ.